ಮೀಸಲು ಪ್ರತಿ

ತರೀಕೆರೆಯಿಂದ ಅಜ್ಜಂಪುರಕ್ಕೆ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಆ ಮುಕ್ಕಾಲು ಗಂಟೆ ಬಸ್ಸಿನಲ್ಲಿ ಕೂರದೆಯೂ ಅಜ್ಜಂಪುರದ ಒಂದು ಕಂಪ್ಯೂಟರಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದು ಎಂದು ತೋರಿಸುವುದಕ್ಕಾಗಿ ತರೀಕೆರೆಯಲ್ಲಿ ಶಾಮಿಯಾನ ಹಾಕಿದ್ದರು, ಮೈಕ್ ಕಟ್ಟಿದ್ದರು, ದೊಡ್ಡ ಪರದೆ ತರಿಸಿದ್ದರು. ಶಾಮಿಯಾನದವರು, ಮೈಕಿನವರು, ಮುಖ್ಯ ಅತಿಥಿಗಳು ಎಲ್ಲರೂ ಪ್ರಯಾಣ ಮಾಡಿಯೇ ಬಂದಿದ್ದರು. ಮಾಡದಿದ್ದವರು ಒಬ್ಬರೇ.

ಅವರು ತರೀಕೆರೆಯ ಕಾಲೇಜಿನ ಉಪನ್ಯಾಸಕರು. ಪಾಠದ ಹೊತ್ತು ಮುಗಿದ ಮೇಲೆ ಕಂಪ್ಯೂಟರಿಗೆ ಕನ್ನಡ ಕಲಿಸುವ ಕೆಲಸ ಹಚ್ಚಿಕೊಂಡಿದ್ದರು. ನಾನು ಕಡೂರಿನಲ್ಲಿ ಕೂತು ಮೂರು ತಾಲ್ಲೂಕುಗಳ ಸುದ್ದಿ ಕಳಿಸುವವನು. ವಾರಕ್ಕೊಮ್ಮೆಯಾದರೂ ಅವರ ಪ್ರಕಟಣೆ ನನ್ನ ಫೋನಿಗೆ ಬಂದು ಬೀಳುತ್ತಿತ್ತು. ಅವುಗಳಲ್ಲಿ ಒಂದು ಹೀಗಿತ್ತು: ‘ಹಳೆಯ ಗಣಕಯಂತ್ರಗಳಿಗೆ ಮರುಜನ್ಮ. ದೂರಪ್ರವೇಶದ ಮೂಲಕ ಲಿನಕ್ಸ್ ಉಚಿತ ಅನುಸ್ಥಾಪನೆ. ಆಸಕ್ತರು ಮೀಸಲು ಪ್ರತಿಯನ್ನು ಸಿದ್ಧಪಡಿಸಿಕೊಂಡು ಹೆಸರು ನೋಂದಾಯಿಸತಕ್ಕದ್ದು.’

ಮೀಸಲು ಪ್ರತಿ ಎಂದರೆ ಬ್ಯಾಕಪ್. ಕಂಪ್ಯೂಟರಿನಲ್ಲಿ ಇರುವುದನ್ನೆಲ್ಲ ಇನ್ನೊಂದು ಕಡೆ ನಕಲು ಮಾಡಿ ಇಟ್ಟುಕೊಳ್ಳಬೇಕು, ಏಕೆಂದರೆ ಹೊಸದನ್ನು ಹಾಕುವಾಗ ಹಳೆಯದು ಅಳಿದುಹೋಗಬಹುದು ಎಂಬುದು ಅದರ ಅರ್ಥ. ಬ್ಯಾಕಪ್ ಎಂದು ಬರೆದಿದ್ದರೆ ಮೊಬೈಲ್ ಇಟ್ಟುಕೊಂಡ ಯಾರಿಗಾದರೂ ತಿಳಿಯುತ್ತಿತ್ತು. ತಿಳಿಯುವ ಮಾತು ಬರೆದರೆ ವಿದ್ವತ್ತು ಕಾಣುವುದಿಲ್ಲ. ಆ ಪ್ರಕಟಣೆಯನ್ನು ನಾನು ಒಂದಕ್ಷರ ತಿದ್ದದೆ ಕಳಿಸಿದೆ. ಐದನೇ ಪುಟದ ಮೂಲೆಯಲ್ಲಿ ಬಂತು.

ಅದನ್ನು ಓದಿ ಹೆಸರು ಬರೆಸಿದವರು ಅಜ್ಜಂಪುರದಲ್ಲಿ ಒಬ್ಬರೇ. ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದು ನಿವೃತ್ತರಾದವರು. ಸಭೆಯ ದಿನ ತರೀಕೆರೆಗೆ ಹೋಗುವ ಬದಲು ನಾನು ಅವರ ಮನೆಗೆ ಹೋದೆ. ಸಭೆಯಲ್ಲಿ ಏನು ಹೇಳುತ್ತಾರೆಂದು ಹೋಗದೆಯೂ ಬರೆಯಬಹುದಿತ್ತು. ಬೀರೂರಿನಲ್ಲಿ ರೈಲು ಹಿಡಿದು, ಬೆಳಿಗ್ಗೆ ಹತ್ತರ ಹೊತ್ತಿಗೆ ಅಜ್ಜಂಪುರದಲ್ಲಿ ಇಳಿದೆ.

ನಡುಮನೆಯ ಗೋಡೆಯಲ್ಲಿ ಬುದ್ಧನ ಪಟ, ಅದರ ಕೆಳಗೆ ಮೇಜು, ಮೇಜಿನ ಮೇಲೆ ಹಳೆಯ ಕಂಪ್ಯೂಟರ್. ಮುಚ್ಚಿಹೋದ ಒಂದು ಟೈಪಿಂಗ್ ಶಾಲೆಯಿಂದ ತಂದದ್ದು. ಅದರೊಳಗೆ ‘ದನ’ ಎಂಬ ಹೆಸರಿನ ಒಂದು ಫೋಲ್ಡರ್ ಇತ್ತು. ಸರ್ವಿಸ್‌ನಲ್ಲಿದ್ದಷ್ಟು ಕಾಲವೂ ಕಾಂಪೌಂಡರು ಸೈಕಲ್ಲಿನಲ್ಲಿ ಹಳ್ಳಿ ಸುತ್ತಿದವರು. ಹೋದಲ್ಲೆಲ್ಲ ಯಾವ ಹಸು ಯಾವ ಹೋರಿಗೆ ಯಾವತ್ತು ಈಯಿತು, ಕರುವಿನ ಬಣ್ಣ ಏನು, ಕೊಂಬು ಹೇಗೆ, ಯಾರಿಗೆ ಮಾರಿದರು ಎಂದು ಬರೆದುಕೊಂಡಿದ್ದರು. ಇಲಾಖೆ ಕೇಳಿದ್ದಲ್ಲ. ಹೆಚ್ಚಿನವು ಅಮೃತಮಹಲ್ ತಳಿಯ ದನಗಳು. ನೋಟ್‌ಬುಕ್ಕುಗಳಿಗೆ ಗೆದ್ದಲು ಹಿಡಿಯಲು ಶುರುವಾದ ಮೇಲೆ, ನಿವೃತ್ತಿಯಾಗಿ ಆರು ವರ್ಷ ಒಂದೇ ಬೆರಳಿನಲ್ಲಿ ಎಲ್ಲವನ್ನೂ ಟೈಪ್ ಮಾಡಿದ್ದರು. ಮುಗಿಯುವಷ್ಟರಲ್ಲಿ ಗೆದ್ದಲೂ ತನ್ನ ಕೆಲಸ ಮುಗಿಸಿತ್ತು. ಪುಸ್ತಕಗಳನ್ನು ತಿಪ್ಪೆಗೆ ಹಾಕಿದ್ದರು.

ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿತ್ತು. ಫೋಲ್ಡರ್ ತೆರೆದು ತೋರಿಸಿದರು.

“ನೋಡಿ ಸಾ, ಇವ್ಳು ಕೆಂದಿ. ಇವಳವ್ವ ಶಿವನಿ ಕಡೆಯೋಳು. ಇವಳ ಮಗ ಇವತ್ತು ಒಳ್ಳೆ ಹೋರಿ ಆಗವ್ನೆ. ಅವನ್ನ ಗೊತ್ತಿಲ್ದಂಗೆ ಅವನ್ ಮಗಳಿಗೇ ಬಿಟ್ರೆ ಏನಾಯ್ತದೆ? ಕರ ಕುಂಟ್ಕಂಡ್ ಹುಟ್ತದೆ, ಇಲ್ಲ ಗಬ್ಬಾನೇ ನಿಲ್ಲಲ್ಲ. ದನ ಕೈಯಿಂದ ಕೈಗೆ ಹೋಗಿರ್ತವೆ, ರೈತಂಗೆ ಹೆಂಗ್ ಗೊತ್ತಾಗ್ಬೇಕು? ಅವ್ನು ನನ್ನ ಕೇಳ್ತಾನೆ, ನಾನು ಇದ್ನ ಕೇಳ್ತೀನಿ.”

ಕಾಫಿ ತಂದ ಅವರ ಹೆಂಡತಿ ಬಾಗಿಲಲ್ಲೇ ನಿಂತು ಹೇಳಿದರು: “ಕೇಳಿ ಪೇಪರ್‌ನೋರೇ, ನಮ್ ಮದ್ವೆ ತಾರೀಕ್ ಇವ್ರಿಗೆ ಗೊತ್ತಿಲ್ಲ. ಊರೋರ ಹಸ ಯಾವತ್ತು ಈಯ್ತು ಅಂತ ಬರ್ದಿಟ್ಕಂಡವ್ರೆ.”

“ನಿಂದೂ ಹತ್ತಿಸ್ತೀನಿ ಇರೇ. ಕೊಂಬು ಹೆಂಗವೆ ಅಂತ ಒಂದು ಕಾಲಮ್ ಐತೆ.”

“ತಿವಿದ್ರೆ ಗೊತ್ತಾಯ್ತದೆ,” ಎಂದರು ಆಕೆ.

ಆ ಕಂಪ್ಯೂಟರ್ ತುಂಬ ನಿಧಾನವಾಗಿತ್ತು. ಆನ್ ಮಾಡಿದಾಗಲೆಲ್ಲ, ನಿನಗಿನ್ನು ರಕ್ಷಣೆಯಿಲ್ಲ ಎಂದು ಹೆದರಿಸುವ ಒಂದು ಚೌಕ ಪರದೆಯ ಮೇಲೆ ಮೂಡುತ್ತಿತ್ತು. ಕಾಂಪೌಂಡರಿಗೆ ದನಗಳ ಚಿಂತೆ ಹತ್ತಿದ್ದು ಆ ಚೌಕದಿಂದ. ಹೊಸದನ್ನು ಹಾಕಿಸಿದರೆ ಅವು ಭದ್ರವಾಗಿರುತ್ತವೆ ಎಂದು ನಂಬಿದ್ದರು.

ಲಿನಕ್ಸ್ ತುಂಬಿದ ಪೆನ್‌ಡ್ರೈವನ್ನು ಉಪನ್ಯಾಸಕರು ಹಿಂದಿನ ದಿನವೇ ಬಸ್ ಕಂಡಕ್ಟರ್ ಕೈಯಲ್ಲಿ ಕಳಿಸಿದ್ದರು. ಪೆನ್‌ಡ್ರೈವ್ ಸಹ ಮುಕ್ಕಾಲು ಗಂಟೆ ಪ್ರಯಾಣ ಮಾಡಿತ್ತು. ಜೊತೆಗೆ ಅಚ್ಚು ಮಾಡಿಸಿದ ಒಂದು ಸೂಚನಾಪತ್ರ. ಅದರ ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: ‘ಅನುಸ್ಥಾಪನೆಯ ವೇಳೆ ಸ್ಥಳದಲ್ಲಿರುವವರು ಯಂತ್ರವನ್ನು ಮುಟ್ಟತಕ್ಕದ್ದಲ್ಲ.’ ಕಾಂಪೌಂಡರು ಅದನ್ನು ಪರದೆಯ ಅಂಚಿಗೆ ಅಂಟಿಸಿದ್ದರು. ಕೀಬೋರ್ಡಿನ ಪಕ್ಕ ಒಂದು ಪ್ಲಾಸ್ಟಿಕ್ ಕವರ್ ಬೋರಲಾಗಿ ಬಿದ್ದಿತ್ತು. ನಾನು ಕಂಡೆ, ಏನೆಂದು ಕೇಳಲಿಲ್ಲ.

ಹನ್ನೊಂದಕ್ಕೆ ಫೋನ್ ಬಂತು. ಕಾಂಪೌಂಡರು ಸ್ಪೀಕರ್ ಹಾಕಿ ಫೋನನ್ನು ತಮ್ಮ ಲೋಟಕ್ಕೆ ಒರಗಿಸಿದರು. ಆ ಕಡೆಯಿಂದ ಮೊದಲು ಬಂದದ್ದು ಮೈಕಿನ ಶಿಳ್ಳೆ, ಆಮೇಲೆ ಉಪನ್ಯಾಸಕರ ದನಿ. ಅವರು ಹೇಳಿದಂತೆ ಪೆನ್‌ಡ್ರೈವ್ ಸಿಕ್ಕಿಸಿ ಕಂಪ್ಯೂಟರ್ ಆನ್ ಮಾಡಿದ್ದಾಯಿತು. ಪರದೆಯ ಮೇಲೆ ಒಂದು ಉದ್ದನೆಯ ಸಂಖ್ಯೆ, ಒಂದು ಪಾಸ್‌ವರ್ಡ್ ಮೂಡಿದವು. ಅವನ್ನು ಓದಿ ಹೇಳಿದರೆ ತರೀಕೆರೆಯಲ್ಲಿ ಕೂತವರ ಕೈಗೆ ಅಜ್ಜಂಪುರದ ಕಂಪ್ಯೂಟರ್ ಸಿಗುತ್ತದೆ. ಅದು ಇಷ್ಟೇ ಸರಳ, ಮತ್ತು ನಿಜವಾಗಿಯೂ ಉಪಯೋಗದ ವಿದ್ಯೆ. ಕಾಂಪೌಂಡರು ಕನ್ನಡಕ ಸರಿಮಾಡಿಕೊಂಡು ಔಷಧದ ಚೀಟಿ ಓದುವ ನಿಧಾನದಲ್ಲಿ ಓದಿದರು.

“ಕೈವಶ!” ಎಂದು ಮೈಕಿನಲ್ಲಿ ಕೇಳಿಸಿತು. ಚಪ್ಪಾಳೆ ಬಿತ್ತು. ನಮ್ಮೆದುರು ಪರದೆಯ ಮೇಲೆ ಬಾಣದ ಗುರುತು ತಾನಾಗಿ ಅಲುಗಾಡಿತು. ಕಾಂಪೌಂಡರು ಮೌಸಿನ ಮೇಲಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು.

“ಇದ್ಯಾರ್ರೀ ಆಡಿಸ್ತಾ ಇರೋದು?” ಎಂದರು ಹೆಂಡತಿ.

“ತರೀಕೆರೆ ಮೇಷ್ಟ್ರು ಕಣೇ.”

“ಮೇಷ್ಟ್ರಾದ್ರೆ ಒಳಕ್ ಬಂದು ಆಡಿಸ್ಲಿ. ಕಾಪಿ ಕೊಡ್ತೀನಿ, ಕುಡಿಯೋರಾದ್ರೆ.”

ಕೊನೆಯ ‘ಕುಡಿಯೋರಾದ್ರೆ’ ಎಂಬ ಮಾತನ್ನು ಆಕೆ ಸುಮ್ಮನೆ ಆಡಿದ್ದಲ್ಲ. ಮೇಜಿನ ಮೇಲೆ ನನ್ನ ಲೋಟ ಖಾಲಿಯಾಗಿತ್ತು. ಆಕೆ ಅದನ್ನು ನೋಡಿ ಎತ್ತಿಕೊಂಡು ಒಳಗೆ ಹೋದರು.

ತರೀಕೆರೆಯಲ್ಲಿ ಉಪನ್ಯಾಸಕರು ಒಂದೊಂದು ಹೆಜ್ಜೆಗೂ ಭಾಷಣ ಮಾಡುತ್ತಿದ್ದರು. ಭಾಷೆ ಆರಿಸಿದ್ದಕ್ಕೆ ಒಂದು ಭಾಷಣ, ಕೀಲಿಮಣೆ ಆರಿಸಿದ್ದಕ್ಕೆ ಇನ್ನೊಂದು. ಕೊನೆಗೆ ಬಂದದ್ದು ಮುಖ್ಯವಾದ ಹೆಜ್ಜೆ. ಪರದೆಯ ಮೇಲೆ ಎರಡು ದಾರಿಗಳಿದ್ದವು. ಒಂದು, ಹಳೆಯದನ್ನು ಹಾಗೇ ಉಳಿಸಿ ಅದರ ಪಕ್ಕದಲ್ಲಿ ಲಿನಕ್ಸ್ ಹಾಕುವುದು. ಇನ್ನೊಂದು, ಡಿಸ್ಕಿನಲ್ಲಿರುವುದನ್ನೆಲ್ಲ ಅಳಿಸಿ ಹಾಕುವುದು.

“ಪಕ್ಕದಲ್ಲೂ ಹಾಕಬಹುದು ಬಂಧುಗಳೇ,” ಎಂದರು ಉಪನ್ಯಾಸಕರು. “ಅದು ಹೇಡಿಗಳ ದಾರಿ. ನಾವು ಪೂರ್ಣ ಸ್ವಾತಂತ್ರ್ಯದವರು.” ಮತ್ತೆ ಚಪ್ಪಾಳೆ. “ಯಜಮಾನ್ರೇ, ಅಜ್ಜಂಪುರದ ಯಜಮಾನ್ರೇ, ಮೀಸಲು ಪ್ರತಿ ಸಿದ್ಧವಿದೆ ತಾನೆ?”

“ಐತೆ ಸಾ,” ಎಂದರು ಕಾಂಪೌಂಡರು. “ಕೈಲೇ ಹಿಡ್ಕಂಡಿದೀನಿ.”

“ಕೈಯಲ್ಲೇ ಇದೆಯಂತೆ!” ಸಭೆ ನಕ್ಕಿತು.

ಕೈಯಲ್ಲೇ ಇತ್ತು. ಬೋರಲಾಗಿದ್ದ ಪ್ಲಾಸ್ಟಿಕ್ ಕವರನ್ನು ಅವರು ಎತ್ತಿ ಹಿಡಿದಿದ್ದರು, ಕೇಳಿದವರಿಗೆ ಕಾಣಿಸಲಿ ಎನ್ನುವಂತೆ. ಒಳಗಿದ್ದದ್ದು ಜಾತಿ ಪ್ರಮಾಣಪತ್ರದ ಜೆರಾಕ್ಸ್. ಅದರ ಮೇಲೆ ಹಸಿರು ಇಂಕಿನ ಸಹಿ, ದುಂಡು ಮೊಹರು.

“ಇದೇನು?” ಎಂದೆ.

“ಮೀಸಲು ಪ್ರತಿ ಸಾ. ನೀವೇ ಪೇಪರ್‌ನಾಗೆ ಹಾಕಿದ್ರಲ್ಲ. ಮೀಸಲಾತಿ ಕಾಪಿ. ಪುಕ್ಸಟ್ಟೆ ಮಾಡ್ಕೊಡ್ತೀವಿ ಅಂದ್ಮೇಲೆ ಇದ್ನ ಕೇಳ್ದೆ ಇರ್ತಾರಾ? ಸರ್ವಿಸ್‌ನಾಗೆ ನಾನು ಇದ್ನ ಕೊಡದಿರೋ ಆಫೀಸೇ ಇಲ್ಲ. ಇರ್ಲಿ ಅಂತ ಮೊನ್ನೆ ಹೋಗಿ ಅಟೆಸ್ಟೂ ಮಾಡಿಸ್ಕಂಡ್ ಬಂದೆ.”

ಬಾಣ ಆಗಲೇ ಗುಂಡಿಯ ಮೇಲೆ ನಿಂತಿತ್ತು. ನಾನು ಫೋನಿನೊಳಕ್ಕೆ “ನಿಲ್ಲಿಸಿ, ಒಂದು ನಿಮಿಷ ನಿಲ್ಲಿಸಿ” ಎಂದು ಕೂಗಿದೆ. ಆ ಕಡೆ ಮುಖ್ಯ ಅತಿಥಿಗಳ ಮಾತು ಶುರುವಾಗಿತ್ತು. ಅದಕ್ಕೆ ತೊಂದರೆಯಾಗದಿರಲಿ ಎಂದು ನಮ್ಮ ದನಿ ಸಭೆಗೆ ಕೇಳದಂತೆ ಮಾಡಿದ್ದರು. ಅವರ ದನಿ ಮಾತ್ರ ನಮಗೆ ಕೇಳುತ್ತಿತ್ತು. ದೂರ ಎಂಬುದು ಇನ್ನು ಪದಕೋಶದಲ್ಲಿ ಮಾತ್ರ ಉಳಿಯುವ ಶಬ್ದ ಎಂದು ಅತಿಥಿಗಳು ಹೇಳುತ್ತಿದ್ದಾಗ ಗುಂಡಿ ಒತ್ತಿದ್ದಾಯಿತು.

ನಾನು ಸ್ವಿಚ್ಚಿಗೆ ಕೈ ಚಾಚಿದೆ. ಕಾಂಪೌಂಡರು ನನ್ನ ಮುಂಗೈ ಹಿಡಿದರು. “ಬ್ಯಾಡಿ ಸಾ. ಮುಟ್ಬಾರ್ದು ಅಂತ ಬರ್ದವ್ರೆ.”

ವಿಷಯ ಏನೆಂದು ಹೇಳಿದೆ. ಒಂದೇ ವಾಕ್ಯ ಸಾಕಾಯಿತು. ಅವರು ನನ್ನ ಕೈ ಬಿಟ್ಟರು. ಪರದೆಯ ಮೇಲೆ ನೀಲಿ ಪಟ್ಟಿ ಎಡದಿಂದ ಬಲಕ್ಕೆ ತುಂಬುತ್ತಿತ್ತು.

“ಈಗ ಆರ್ಸಿದ್ರೆ ಉಳೀತಾವಾ?”

“ಗೊತ್ತಿಲ್ಲ,” ಎಂದೆ.

“ಅರ್ಧಕ್ಕೆ ಆರ್ಸಿದ್ರೆ ಇರೋದೂ ಕೆಟ್ಟೋದ್ರೆ?”

ಅದೂ ಗೊತ್ತಿರಲಿಲ್ಲ. ಗೊತ್ತಿದ್ದವರು ಮುಕ್ಕಾಲು ಗಂಟೆ ದೂರದಲ್ಲಿ ಹಾರ ಹಾಕಿಸಿಕೊಳ್ಳುತ್ತಿದ್ದರು. ಇಬ್ಬರೂ ಕೈಕಟ್ಟಿಕೊಂಡು ಆ ಪಟ್ಟಿ ತುಂಬುವುದನ್ನು ನೋಡಿದೆವು. ಕೊನೆಗೆ ‘ಸುಸ್ವಾಗತ’ ಎಂದು ಬಂತು. ತರೀಕೆರೆಯಲ್ಲಿ ಶಿಳ್ಳೆ ಹೊಡೆದರು. ಉಪನ್ಯಾಸಕರು ನಮ್ಮ ದನಿಯನ್ನು ಮತ್ತೆ ಸಭೆಗೆ ಬಿಟ್ಟು, “ಹೇಗಿದೆ ಯಜಮಾನ್ರೇ, ನಿಮ್ಮ ಹೊಸ ಯಂತ್ರ?” ಎಂದು ಕೇಳಿದರು.

“ಸಾ, ನನ್ ದನ ಎಲ್ಲೋದ್ವು?”

ಸಭೆ ಜೋರಾಗಿ ನಕ್ಕಿತು. ಹಳ್ಳಿಯವರ ತಮಾಷೆ ಎಂದುಕೊಂಡಿರಬೇಕು. ಫೋನ್ ಕಟ್ಟಾಯಿತು.

ಹೊಸ ವ್ಯವಸ್ಥೆಯಲ್ಲಿ ದಸ್ತಾವೇಜು, ಚಿತ್ರ, ಸಂಗೀತ ಎಂದು ಚೊಕ್ಕವಾದ ಫೋಲ್ಡರುಗಳಿದ್ದವು. ಕಾಂಪೌಂಡರು ಒಂದೊಂದನ್ನೂ ತೆರೆದರು. ಎಲ್ಲವೂ ಖಾಲಿ. ಸಂಗೀತ ಎಂಬುದನ್ನು ಎರಡು ಸಲ ತೆರೆದು ನೋಡಿದರು. ಕಂಪ್ಯೂಟರ್ ಮಾತ್ರ ಬಹಳ ಚುರುಕಾಗಿತ್ತು.

ಮರುದಿನವೇ ಅವರು ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಕಡೂರಿಗೆ ತಂದರು. ರಿಪೇರಿ ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ಅಂಗಡಿಯವನು ಎರಡು ದಿನ ಇಟ್ಟುಕೊಂಡು ಮೂರು ಪುಟದಷ್ಟು ಚೂರುಗಳನ್ನು ತೆಗೆದುಕೊಟ್ಟ. ಅರ್ಧ ಸಾಲುಗಳು, ಕೊಂಬಿನ ಆಕಾರ, ಒಂದೆರಡು ತಾರೀಕು. ಯಾವ ಹಸುವಿನ ಕೊಂಬು, ಯಾವ ಕರುವಿನ ತಾರೀಕು ಎಂಬುದಿಲ್ಲ. “ಶುರುವಾದ ತಕ್ಷಣ ಪವರ್ ಕಿತ್ತಿದ್ರೆ ಮುಕ್ಕಾಲು ಪಾಲು ತೆಗೀಬಹುದಿತ್ತು ಸಾರ್,” ಎಂದ. “ಹೊಸದು ಪೂರ್ತಿ ಅದ್ರ ಮೇಲೇ ಕೂತ್ಬಿಟ್ಟಿದೆ.” ಕಾಂಪೌಂಡರು ನನ್ನ ಕಡೆ ನೋಡಲಿಲ್ಲ. ಚೂರುಗಳ ಪ್ರಿಂಟನ್ನು ಮಡಿಸಿ ಜೇಬಿಗೆ ಇಟ್ಟುಕೊಂಡರು.

ಆರೋಪ ಇರುವ ಸುದ್ದಿಯಲ್ಲಿ ಎದುರು ಪಕ್ಷದ ಮಾತೂ ಇರಬೇಕು. ಅದಕ್ಕಾಗಿ ತರೀಕೆರೆಗೆ ಹೋದೆ. ಉಪನ್ಯಾಸಕರ ಮನೆಯ ಪಡಸಾಲೆಯಲ್ಲಿ ಸಭೆಯ ಹಾರ ಇನ್ನೂ ಮೊಳೆಗೆ ನೇತಾಡುತ್ತಿತ್ತು.

“ನಾನು ಕೇಳಿದೀನಿ, ಅವರು ಇದೆ ಅಂದಿದಾರೆ,” ಎಂದರು. “ಇಡೀ ಸಭೆ ಸಾಕ್ಷಿ. ರೆಕಾರ್ಡಿಂಗ್ ಕೂಡ ಇದೆ, ಹಾಕ್ಲಾ?”

“ಬ್ಯಾಕಪ್ ಅಂತ ಕೇಳಬಹುದಿತ್ತಲ್ಲ?”

“ಅದು ಇಂಗ್ಲಿಷ್ ಕಣ್ರೀ.”

“ರೆಕಾರ್ಡಿಂಗ್?”

“ಅದಕ್ಕೂ ಪದ ಮಾಡ್ತಾ ಇದೀವಿ.”

“ಅವರ ಮನೆಗೆ ಒಂದು ಸಲ ಹೋಗಿ ನೋಡಿ ಬರಬಹುದಿತ್ತು. ಅದರಲ್ಲಿ ಏನಿದೆ ಅಂತಲಾದರೂ ಗೊತ್ತಾಗ್ತಿತ್ತು.”

“ಹೋಗೋದಾದ್ರೆ ರಿಮೋಟ್ ಯಾಕ್ರೀ ಬೇಕು?” ಅವರಿಗೆ ನನ್ನ ಪ್ರಶ್ನೆಯೇ ಹಾಸ್ಯಾಸ್ಪದವಾಗಿ ಕಂಡಿತ್ತು. ಜೆರಾಕ್ಸಿನ ವಿಷಯ ಅವರಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ನಾನು ಹೇಳಿದೆ. ಅವರು ಕುರ್ಚಿಗೆ ಒರಗಿ, ಹೊಟ್ಟೆ ಕುಲುಕುವಂತೆ ನಕ್ಕರು.

“ನೋಡಿ, ಮೀಸಲು ಅಂದ ತಕ್ಷಣ ಆ ಜನಕ್ಕೆ ಅದೊಂದೇ ಹೊಳೆಯೋದು. ನೀವು ನಮ್ಮೋರೇ, ನಿಮಗೆ ಹೇಳೋಕೇನು. ಇದನ್ನ ಬರ್ಕೋಬೇಡಿ ಮತ್ತೆ.”

“ಬರ್ಕೊಂಡಾಯ್ತು,” ಎಂದೆ.

ವರದಿಗಾರಿಕೆಯಲ್ಲಿ ಕಳ್ಳರನ್ನು, ಲಂಚಕೋರರನ್ನು, ಕೆರೆ ಒತ್ತಿದವರನ್ನು ಎದುರು ಕೂತು ಮಾತಾಡಿಸಿದ್ದೇನೆ. ಅವರಲ್ಲಿ ಹೆಚ್ಚಿನವರಿಗೆ ತಾವು ಏನು ಮಾಡಿದ್ದೇವೆ ಎಂಬುದು ಗೊತ್ತಿರುತ್ತದೆ, ಮುಚ್ಚಿಡಲು ನೋಡುತ್ತಾರೆ. ಈ ಮನುಷ್ಯನಲ್ಲಿ ಮುಚ್ಚಿಡುವುದಕ್ಕೂ ಏನೂ ಇರಲಿಲ್ಲ. ಇಡೀ ಸರ್ವಿಸ್ ಒಂದು ಕಾಗದ ತೋರಿಸಿಯೇ ಬಾಗಿಲು ದಾಟಬೇಕಾಗಿ ಬಂದವನಿಗೆ ಮೀಸಲು ಎಂಬ ಮಾತು ಹಾಗಲ್ಲದೆ ಬೇರೆ ಹೇಗೆ ಕೇಳಿಸಬೇಕಿತ್ತು ಎಂಬ ಪ್ರಶ್ನೆ ಆತನ ತಲೆಗೆ ಹೋಗುವಂಥದ್ದಲ್ಲ. ತಾನು ಹುಟ್ಟಿಸಿದ ಪದಕ್ಕೆ ಊರಿನಲ್ಲಿ ಮೊದಲೇ ಒಂದು ಅರ್ಥವಿದೆ ಎಂಬುದೂ ಆತನಿಗೆ ತಿಳಿದಿರಲಿಲ್ಲ. ತಿಳಿದ ಮೇಲೂ ಅದು ಊರಿನವರ ತಪ್ಪೇ.

ವರದಿ ಕಳಿಸಿದೆ. ಲಿನಕ್ಸ್ ಹಾಕಿದ್ದು ಯಶಸ್ವಿಯಾಯಿತು ಎಂಬುದು ಮೊದಲ ವಾಕ್ಯ, ಒಬ್ಬರ ಜೀವಮಾನದ ದಾಖಲೆ ಅಳಿಸಿಹೋಯಿತು ಎಂಬುದು ಎರಡನೆಯದು. ಮೀಸಲು ಪ್ರತಿ ಎಂಬ ಮಾತು ಯಾರಿಗೆ ಹೇಗೆ ಅರ್ಥವಾಯಿತು, ಅದನ್ನು ಅಚ್ಚಿಗೆ ಕಳಿಸಿದ್ದು ಯಾರು, ಉಪನ್ಯಾಸಕರು ಏನೆಂದರು ಎಂಬುದು ಮುಂದಿನ ಪ್ಯಾರಾಗಳಲ್ಲಿ. ಡೆಸ್ಕಿನಿಂದ ಫೋನ್ ಬಂತು: “ಜಾತಿ ವಿಷ್ಯ ಯಾಕ್ರೀ ಎಳೀತೀರಾ? ಜಾಗಾನೂ ಇಲ್ಲ ಇವತ್ತು.” ಬೆಳಿಗ್ಗೆ ಪತ್ರಿಕೆ ತೆರೆದರೆ ಮೊದಲ ವಾಕ್ಯ ಮಾತ್ರ ಇತ್ತು. ಅದರ ಮೇಲೆ ಹಾರ ಹಾಕಿಕೊಂಡ ಉಪನ್ಯಾಸಕರ ಚಿತ್ರಕ್ಕೆ ಎರಡು ಕಾಲಂ ಜಾಗ ಸಿಕ್ಕಿತ್ತು.

ಕೆಲವು ತಿಂಗಳ ಮೇಲೆ ಬೇರೆ ಕೆಲಸಕ್ಕೆ ಅಜ್ಜಂಪುರಕ್ಕೆ ಹೋದವನು ಕಾಂಪೌಂಡರ ಮನೆಗೂ ಹೋದೆ. ಕಂಪ್ಯೂಟರಿನ ಮೇಲೆ ಟವೆಲ್ ಹೊದಿಸಿದ್ದರು. ನೆನಪಿರುವಷ್ಟನ್ನು ಮತ್ತೆ ಬರೆಯಬಹುದಲ್ಲ ಎಂದು ನಾನು ಕೇಳಿದೆ. “ನೆನಪಿದ್ದಿದ್ರೆ ಬರ್ಕೋತಾನೇ ಇರ್ಲಿಲ್ವಲ್ಲ ಸಾ,” ಎಂದರು. ಮಾತಾಡುತ್ತಿದ್ದಂತೆ ಮನೆ ಮುಂದೆ ಒಂದು ಲಗೇಜ್ ಆಟೋ ಬಂದು ನಿಂತಿತು. ಹಿಂದೆ ಎಳೆಯ ಹಸು ಕಟ್ಟಿತ್ತು. ಸಿಂಗಟಗೆರೆ ಕಡೆಯ ರೈತನೊಬ್ಬ ಇಳಿದು ಜಗಲಿಯ ಹತ್ತಿರ ಬಂದ.

“ಕಾಂಪೌಂಡ್ರೇ, ಬೆದೆಗೆ ಬಂದೈತೆ. ಇಲ್ಲೇ ರೈಲ್ವೆ ಗೇಟ್ ಆಚೆ ಒಂದು ಹೋರಿ ಐತಂತಲ್ಲ, ಬಿಡ್ಬೋದಾ?”

“ಈ ಹಸ ಯಾರ್ತಾವ ತಗಂಡೆ?”

ಅವನು ಹೇಳಿದ. ಕಾಂಪೌಂಡರು ಎದ್ದು ಆಟೋದ ಹತ್ತಿರ ಹೋದರು. ಹಸುವಿನ ಹಣೆ ನೋಡಿದರು, ಕೊಂಬಿನ ಬುಡ ಮುಟ್ಟಿದರು, ಹಿಂದಕ್ಕೆ ಹೋಗಿ ಬಾಲದ ಕುಚ್ಚು ಎತ್ತಿ ನೋಡಿದರು. ಅಷ್ಟು ಹೊತ್ತೂ ತುಟಿ ಅಲುಗುತ್ತಿತ್ತು.

“ಇದ್ರ ಅವ್ವ ಗೊತ್ತು. ಅವಳವ್ವ ಅವಳ್ನ ಯಾವ ಹೋರಿಗೆ ಹಾಕಿದ್ಲು ಅನ್ನೋದು ಗೊತ್ತಾಗ್ತಿಲ್ಲ. ಗೇಟ್ ಆಚೆ ಹೋರಿ ವಂಶದ್ದೇ ಇರ್ಬೋದು, ಇಲ್ದೇನೂ ಇರ್ಬೋದು.”

“ಮಿಷನ್ ನೋಡಿ ಹೇಳಿ.”

“ಮಿಷನ್ನಾಗಿಲ್ಲ.”

“ಅಂದಾಜಿಗೆ ಹೇಳಿ ಮತ್ತೆ. ನೀವ್ ಹೇಳಿದ್ರೆ ಸಾಕು.”

“ಅಂದಾಜಿಗೆ ಗುಂಡಿ ಒತ್ತೋರು ಬೇಕಾದ್ರೆ ತರೀಕೆರೇಲವ್ರೆ, ಹೋಗು. ನಾನು ಹೇಳಲ್ಲ. ಈ ಸಲ ಬ್ಯಾಡ, ವಾಪಸ್ ಕರ್ಕಂಡೋಗು. ಮುಂದಿನ್ ಬೆದೆಗೆ ದೂರದ ಹೋರಿ ನೋಡು.”

“ಇಷ್ಟು ದೂರದಿಂದ ಬಂದಿದೀನಲ್ಲ ಕಣ್ರೀ,” ಎಂದ ರೈತ.

ಕಾಂಪೌಂಡರು ಜಗಲಿಗೆ ಬಂದು ಕೂತರು. ಅವನು ಸ್ವಲ್ಪ ಹೊತ್ತು ಹಸುವಿನ ಹಗ್ಗ ಬಿಗಿ ಮಾಡುತ್ತ ನಿಂತಿದ್ದು, ಆಮೇಲೆ ಹತ್ತಿ ಕೂತ. ಆಟೋ ಬೀದಿಯ ಕೊನೆಯವರೆಗೆ ಹೋಗಿ, ಸಿಂಗಟಗೆರೆಯ ಕಡೆ ತಿರುಗದೆ ರೈಲ್ವೆ ಗೇಟಿನ ಕಡೆಗೆ ತಿರುಗಿತು. ಕಾಂಪೌಂಡರು ಅದನ್ನು ಕಂಡರು. ಕೂಗಿ ನಿಲ್ಲಿಸುವಷ್ಟು ಹತ್ತಿರದಲ್ಲೇ ಇತ್ತು. ಮತ್ತೊಮ್ಮೆ ಬೇಡ ಎಂದು ಕೂಗಿ ತಡೆಯುವುದಕ್ಕೂ ಅವರಿಗೆ ಖಾತ್ರಿ ಗೊತ್ತಿರಬೇಕಿತ್ತು.